ಯಾರಿಗಾಗಿ ಆ ಬಲಿ?

‘ಆಗಿ’ ಎಂಬುದು ಕನ್ನಡದಲ್ಲಿ ಬಹು ಸಾಧುವಾದ ಮಾತು. ಚತುರ್ಥೀ ವಿಭಕ್ತಿಯ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ತನ್ನದೆಂದು ಸದ್ದು ಮಾಡುವುದಿಲ್ಲ. ಮಕ್ಕಳಿಗಾಗಿ ದುಡಿದೆ, ನಾಡಿಗಾಗಿ ಮಡಿದನು, ಊರಿಗಾಗಿ ಕೆರೆ ಕಟ್ಟಿಸಿದರು ಎಂದು ನಾವು ದಿನವೂ ಆಡುತ್ತೇವೆ, ಕೇಳಿದವರು ತಲೆದೂಗುತ್ತಾರೆ. ಆದರೆ ಊರಿಗಾಗಿ ಎಂದರೆ ಊರಿನಲ್ಲಿ ಯಾರಿಗಾಗಿ ಎಂದು ಒಬ್ಬನು ಕೇಳಿದನೆನ್ನಿ, ಮಾತು ತೊಡಕಿಗೆ ಬೀಳುತ್ತದೆ. ಊರಿಗಾಗಿ ಎಂದು ಕಟ್ಟಿದ ಕೆರೆಯ ನೀರನ್ನು ಊರಿನವರೆಲ್ಲರೂ ಮುಟ್ಟುವಂತಿರಲಿಲ್ಲವೆಂಬುದು ನಮ್ಮ ದೇಶದವರಿಗೆ ಬೇರೆಯವರು ಹೇಳಿಕೊಡಬೇಕಾದ ಚರಿತ್ರೆಯಲ್ಲ.

ಕ್ರೈಸ್ತಮತದ ನಡುಗಂಬ ನಿಂತಿರುವುದೂ ಇಂಥದೊಂದು ‘ಆಗಿ’ಯ ಮೇಲೆಯೇ. ಯೇಸುಕ್ರಿಸ್ತನು ಮನುಷ್ಯರ ಪಾಪಗಳಿಗಾಗಿ ಶಿಲುಬೆಯ ಮೇಲೆ ಪ್ರಾಣಬಿಟ್ಟನು ಎಂಬುದರಲ್ಲಿ ಆ ಮತದ ಯಾವ ಶಾಖೆಗೂ ಭಿನ್ನಾಭಿಪ್ರಾಯವಿಲ್ಲ. ಯಾವ ಮನುಷ್ಯರ ಪಾಪಗಳಿಗಾಗಿ ಎಂದು ಕೇಳಿದ ಕೂಡಲೇ ಸಭೆ ಎರಡಾಗುತ್ತದೆ. ಹುಟ್ಟಿದ, ಹುಟ್ಟಲಿರುವ ಮನುಷ್ಯರೆಲ್ಲರಿಗಾಗಿಯೇ? ಅಥವಾ ಜಗತ್ತು ಹುಟ್ಟುವ ಮೊದಲೇ ದೇವರು ಯಾರನ್ನು ತನ್ನವರೆಂದು ಆಯ್ದುಕೊಂಡನೋ ಅವರಿಗಾಗಿ ಮಾತ್ರವೇ? ದೂರದಿಂದ ನೋಡುವವರಿಗೆ ಇದು ಕೂದಲು ಸೀಳುವ ಪಂಡಿತರ ಕಾಲಕ್ಷೇಪದಂತೆ ಕಾಣಬಹುದು. ಆದರೆ ಈ ಪ್ರಶ್ನೆಯ ಸುಳಿಗೆ ಸಿಕ್ಕಿ ಒಬ್ಬ ಸನ್ಯಾಸಿ ಚಾವಟಿಯ ಏಟು ತಿಂದನು. ಒಬ್ಬ ಸಜ್ಜನ ಸಭಾಪಾಲಕನು ಪದವಿ ಕಳೆದುಕೊಂಡನು. ಒಬ್ಬ ಒಳ್ಳೆಯ ಕವಿ ಸಾಯುವವರೆಗೆ ನೆಮ್ಮದಿ ಕಾಣಲಿಲ್ಲ. ಜನ ಇಷ್ಟು ಬೆಲೆ ತೆತ್ತ ಪ್ರಶ್ನೆಯನ್ನು ಬರಿಯ ಪಾಂಡಿತ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ನಾನು ಕ್ರೈಸ್ತನಲ್ಲ, ದೇವಶಾಸ್ತ್ರದಲ್ಲಿ ಅಧಿಕಾರವುಳ್ಳವನೂ ಅಲ್ಲ. ಕನ್ನಡ ಪಾಠ ಹೇಳುವವನು. ಈ ವಿಷಯ ನನ್ನನ್ನು ಹಿಡಿದುದು ವ್ಯಾಕರಣದ ದಾರಿಯಿಂದಲೇ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದು ಕನ್ನಡ ವ್ಯಾಕರಣ ಅಚ್ಚಾಯಿತು. ಅದನ್ನು ಬರೆದವನು ವಿಲಿಯಂ ಕೇರಿ. ಹುಟ್ಟೂರಿನ ಕಡೆ ಚಪ್ಪಲಿ ಹೊಲಿದು ಬದುಕಿದ್ದವನು, ಇಲ್ಲಿಗೆ ಬಂದು ಹಲವು ಭಾರತೀಯ ಭಾಷೆಗಳಲ್ಲಿ ದುಡಿದವನು. ಈತನು ‘ಪರ್ಟಿಕ್ಯುಲರ್ ಬ್ಯಾಪ್ಟಿಸ್ಟ್’ ಪಂಥದವನೆಂದು ಓದಿದಾಗ, ಇದೇನು ವಿಚಿತ್ರ ಹೆಸರು ಎಂದು ಕುತೂಹಲವಾಯಿತು. ‘ಪರ್ಟಿಕ್ಯುಲರ್’ ಎಂದರೆ ನಿರ್ದಿಷ್ಟ. ಕ್ರಿಸ್ತನು ನಿರ್ದಿಷ್ಟ ಜನರಿಗಾಗಿ, ಆಯ್ದವರಿಗಾಗಿ ಸತ್ತನೆಂದು ನಂಬುವವರು ಅವರು. ಎಲ್ಲರಿಗಾಗಿ ಎನ್ನುವವರು ‘ಜನರಲ್ ಬ್ಯಾಪ್ಟಿಸ್ಟ’ರು. ಕೆಲವರಿಗಾಗಿ ಮಾತ್ರ ಎಂದು ನಂಬಿದವನು ಯಾರೆಂದು ತಿಳಿಯದ ಜನರಿಗಾಗಿ ಸಮುದ್ರ ದಾಟಿ ಬಂದು, ತಾನು ಹುಟ್ಟಿದ ದೇಶವನ್ನು ಮತ್ತೆ ನೋಡದೆ, ನಮ್ಮ ವಿಭಕ್ತಿ ಪ್ರತ್ಯಯಗಳನ್ನು ಕೂತು ಬರೆದುದು ಹೇಗೆ? ಈ ಒಂದು ಒಗಟು ನನ್ನನ್ನು ಬಹಳ ದೂರ ಕರೆದುಕೊಂಡು ಹೋಯಿತು.

ಮೊದಲು ಒಂದು ಪದವನ್ನು ಸರಿಮಾಡಿಕೊಳ್ಳಬೇಕು. ಕ್ರಿಸ್ತನ ಮರಣದ ಈ ಫಲವನ್ನು ಕನ್ನಡದಲ್ಲಿ ಪ್ರಾಯಶ್ಚಿತ್ತವೆನ್ನುವುದು ರೂಢಿ. ಆದರೆ ನಮ್ಮ ಧರ್ಮಶಾಸ್ತ್ರಗಳ ಪ್ರಾಯಶ್ಚಿತ್ತವನ್ನು ಸಾಮಾನ್ಯವಾಗಿ ತಪ್ಪು ಮಾಡಿದವನೇ ಮಾಡಿಕೊಳ್ಳಬೇಕು: ಉಪವಾಸವೋ ದಾನವೋ ತೀರ್ಥಯಾತ್ರೆಯೋ, ಭಾರ ಅವನದು. ಇಲ್ಲಿ ಹಾಗಲ್ಲ. ತಪ್ಪಿಲ್ಲದವನು ತಪ್ಪಿತಸ್ಥರ ಜಾಗದಲ್ಲಿ ನಿಂತು ತನ್ನನ್ನೇ ಈಡು ಕೊಡುತ್ತಾನೆ. ಇಂಗ್ಲಿಷಿನ ‘ಅಟೋನ್‌ಮೆಂಟ್’ ಎಂಬ ಪದವನ್ನು ಬಿಡಿಸಿದರೆ ಒಂದಾಗುವಿಕೆ ಎಂಬ ಅರ್ಥ ಬರುತ್ತದೆ. 16ನೆಯ ಶತಮಾನದಲ್ಲಿ ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ ಅದನ್ನು ಬಳಕೆಗೆ ತಂದವರಲ್ಲಿ ಮುಖ್ಯನು. ಮುನಿದು ದೂರವಾದ ಇಬ್ಬರನ್ನು ಒಂದುಗೂಡಿಸುವುದು ಅದರ ಭಾವ. ಸಾಲ ತೀರಿಸುವುದು, ಸೆರೆ ಬಿಡಿಸುವುದು, ಮುನಿಸು ಕಳೆಯುವುದು—ಮೂರು ಚಿತ್ರಗಳೂ ಒಂದೇ ಮಾತಿನಲ್ಲಿ ಬೆರೆತಿವೆ. ಯಾವ ಚಿತ್ರವನ್ನು ಮುಂದಿಟ್ಟುಕೊಳ್ಳುತ್ತೇವೆಂಬುದರ ಮೇಲೆ ನಮ್ಮ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ನಿಂತಿದೆ. ಇದನ್ನು ಓದುಗರು ನೆನಪಿನಲ್ಲಿಡಬೇಕು.

ಮೂಲಗ್ರಂಥವನ್ನು ಕೇಳೋಣವೆಂದರೆ ಅದು ಎರಡೂ ಮಾತನ್ನು ಆಡುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ತಾನು ‘ಅನೇಕ’ರ ಬಿಡುಗಡೆಗಾಗಿ ಪ್ರಾಣ ಕೊಡಲು ಬಂದವನೆನ್ನುತ್ತಾನೆ, ಯೋಹಾನನ ಸುವಾರ್ತೆಯಲ್ಲಿ ಅವನು ತನ್ನ ಕುರಿಗಳಿಗಾಗಿ ಜೀವ ತೆರುವ ಕುರುಬ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಾದರೋ ಆ ಈಡು ‘ಎಲ್ಲರಿ’ಗಾಗಿ, ಯೋಹಾನನ ಮೊದಲ ಪತ್ರ ನಮ್ಮ ಪಾಪಕ್ಕೆ ಮಾತ್ರವಲ್ಲ, ಇಡೀ ಲೋಕದ ಪಾಪಕ್ಕೆ ಎಂದು ಒತ್ತಿ ಹೇಳುತ್ತದೆ. ಒಂದು ಕಡೆಯವರು ‘ಎಲ್ಲರು’ ಎಂದರೆ ಎಲ್ಲ ಬಗೆಯವರು, ಎಲ್ಲ ಜನಾಂಗದವರು ಎಂದು ಅರ್ಥ ಮಾಡುತ್ತಾರೆ. ಇನ್ನೊಂದು ಕಡೆಯವರು ‘ಅನೇಕರು’ ಎಂಬುದು ಆ ಕಾಲದ ನುಡಿಯಲ್ಲಿ ದೊಡ್ಡ ಸಮೂಹವನ್ನು ಹೇಳುವ ರೀತಿ, ಹೊರಗಿಡುವ ಮಾತಲ್ಲ ಎನ್ನುತ್ತಾರೆ. ಪದಕೋಶದಿಂದ ತೀರುವ ವ್ಯಾಜ್ಯವಲ್ಲ ಇದು.

ತೀರದೆಂಬುದಕ್ಕೆ ಈಚಿನ ನಿದರ್ಶನವೇ ಉಂಟು. ಕ್ಯಾಥೊಲಿಕರ ಬಲಿಪೂಜೆಯಲ್ಲಿ ಪಾತ್ರೆಯನ್ನೆತ್ತಿ ಹೇಳುವ ಲತೀನ್ ಮಂತ್ರದಲ್ಲಿ ‘ಪ್ರೊ ಮುಲ್ತಿಸ್’ ಎಂದಿದೆ. ಅನೇಕರಿಗಾಗಿ ಎಂದು ಅರ್ಥ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆ ದೇಶಭಾಷೆಗಳಿಗೆ ಇಳಿದಾಗ ಇಂಗ್ಲಿಷ್, ಇಟಾಲಿಯನ್, ಜರ್ಮನ್ ಅನುವಾದಗಳು ‘ಎಲ್ಲರಿಗಾಗಿ’ ಎಂದವು. 2006ರಲ್ಲಿ ವ್ಯಾಟಿಕನ್ನಿನಿಂದ ಪತ್ರ ಹೊರಟಿತು: ಅನೇಕರಿಗಾಗಿ ಎಂದೇ ಅನುವಾದಿಸಬೇಕು. 2011ರಿಂದ ಇಂಗ್ಲಿಷ್ ಪೂಜೆಯಲ್ಲಿ ಮಾತು ಬದಲಾಯಿತು. ಜನ ಗೊಂದಲಪಡಬಹುದೆಂದು ಪೋಪ್ ಹದಿನಾರನೆಯ ಬೆನೆಡಿಕ್ಟರು 2012ರ ಏಪ್ರಿಲಿನಲ್ಲಿ ಜರ್ಮನಿಯ ಬಿಷಪ್ಪರಿಗೆ ಒಂದು ಪತ್ರವನ್ನೇ ಬರೆಯಬೇಕಾಯಿತು. ಮಂತ್ರದ ಪದ ಬದಲಾದರೂ ಕ್ರಿಸ್ತನು ಎಲ್ಲರಿಗಾಗಿ ಸತ್ತನೆಂಬ ಬೋಧೆ ಬದಲಾಗಿಲ್ಲವೆಂಬುದು ಅದರ ಸಾರ. 1653ರಷ್ಟು ಹಿಂದೆಯೇ ಪೋಪ್ ಹತ್ತನೆಯ ಇನ್ನೊಸೆಂಟರು, ಆಯ್ದವರಿಗಾಗಿ ಮಾತ್ರ ಎಂಬ ಅರ್ಥದ ವಾದವನ್ನು ಖಂಡಿಸಿದ್ದರು. ಬೋಧೆ ಸ್ಥಿರವಾಗಿದ್ದರೂ ಒಂದು ಪದಕ್ಕಾಗಿ ಇಷ್ಟು ಪತ್ರ ಓಡಾಡಿತೆಂದರೆ ಆ ‘ಆಗಿ’ಯ ಭಾರ ಊಹಿಸಬಹುದು.

ಜಗಳದ ಬೇರು ಇನ್ನೂ ಹಳೆಯದು. 9ನೆಯ ಶತಮಾನದಲ್ಲಿ, ಇಂದಿನ ಫ್ರಾನ್ಸಿನ ಓರ್ಬೆ ಮಠಕ್ಕೆ ಸೇರಿದ ಗೊಟ್ಟ್‌ಶಾಲ್ಕ್ ಎಂಬ ಸನ್ಯಾಸಿ, ಸಂತ ಆಗಸ್ಟೀನನ ಬರಹಗಳನ್ನು ತುದಿಯವರೆಗೆ ಎಳೆದು, ಕ್ರಿಸ್ತನು ಆಯ್ದವರಿಗಾಗಿ ಮಾತ್ರ ಸತ್ತನೆಂದು ಬೋಧಿಸಿದನು. 848ರಲ್ಲಿ ಮೈಂಟ್ಸಿನ ಸಭೆ ಅವನನ್ನು ಖಂಡಿಸಿತು. ಮರುವರ್ಷ ಕಿಯರ್ಸಿಯ ಸಭೆ ಅವನಿಗೆ ಚಾವಟಿಯಿಂದ ಹೊಡೆಸಿ, ಬರಹಗಳನ್ನು ಬೆಂಕಿಗೆ ಹಾಕಿಸಿ, ಮಠವೊಂದರಲ್ಲಿ ಸೆರೆಯಿಡಿಸಿತು. ಸೆರೆಯಲ್ಲೇ ಅವನ ಆಯುಷ್ಯ ಮುಗಿಯಿತು. 853ರಲ್ಲಿ ಅದೇ ಕಿಯರ್ಸಿಯಲ್ಲಿ, ಕ್ರಿಸ್ತನು ಯಾರಿಗಾಗಿ ನೋಯಲಿಲ್ಲವೋ ಅಂಥ ಮನುಷ್ಯನಿಲ್ಲ ಎಂಬ ನಿರ್ಣಯವಾಯಿತು. ಎರಡು ವರ್ಷಗಳ ಮೇಲೆ ವಾಲೆನ್ಸಿನ ಸಭೆ ಅದಕ್ಕೆ ಎದುರು ನಿರ್ಣಯ ಮಾಡಿತು! ನಾನು ಈ ಕಥೆಯಲ್ಲಿ ನಿಂತು ನೋಡುವುದು ಇನ್ನೊಂದನ್ನು. ‘ಎಲ್ಲರಿಗಾಗಿ’ ಎಂದವರ ಕೈಯಲ್ಲಿ ಚಾವಟಿಯಿತ್ತು. ಎಲ್ಲರನ್ನೂ ಒಳಕೊಂಡ ಆ ಸಿದ್ಧಾಂತದಲ್ಲಿ ಒಬ್ಬ ಬಡ ಸನ್ಯಾಸಿಯ ಬೆನ್ನಿಗೆ ಜಾಗವಿರಲಿಲ್ಲ. ಸಿದ್ಧಾಂತದ ಅಗಲ ಬೇರೆ, ಎದೆಯ ಅಗಲ ಬೇರೆ.

12ನೆಯ ಶತಮಾನದಲ್ಲಿ ಪೀಟರ್ ಲೊಂಬಾರ್ಡನು ಒಂದು ಸಂಧಿಸೂತ್ರ ಮಾಡಿಕೊಟ್ಟನು: ಬಲಿಯ ಬೆಲೆ ಎಲ್ಲರಿಗೂ ಸಾಲುವಷ್ಟು, ಅದರ ಫಲ ಆಯ್ದವರಿಗೆ ಮಾತ್ರ. ಇದರ ನೆರಳಿನಲ್ಲಿ ಇಬ್ಬರೂ ಕೆಲವು ಶತಮಾನ ತಂಗಿದರು. ಆದರೆ ಸೂತ್ರ ಪ್ರಶ್ನೆಯನ್ನು ಮುಚ್ಚಿತೇ ಹೊರತು ಬಿಡಿಸಲಿಲ್ಲ. ಸಾಲುವಷ್ಟಿತ್ತು, ಸರಿ, ಕೊಟ್ಟವನ ಮನಸ್ಸಿನಲ್ಲಿ ಯಾರಿದ್ದರು?

ಮುಚ್ಚಿದ ಪ್ರಶ್ನೆ ಸ್ಫೋಟವಾದುದು ಹಾಲೆಂಡಿನಲ್ಲಿ. ಲೈಡನ್ ವಿಶ್ವವಿದ್ಯಾಲಯದ ಅರ್ಮಿನಿಯಸನು 1609ರಲ್ಲಿ ತೀರಿಕೊಂಡ ಮರುವರ್ಷ, ಅವನ ಅನುಯಾಯಿಗಳು ಐದು ಅಂಶಗಳ ಮನವಿಯನ್ನು ಮಂಡಿಸಿದರು. ಕ್ರಿಸ್ತನು ಪ್ರತಿಯೊಬ್ಬ ಮನುಷ್ಯನಿಗಾಗಿಯೂ ಸತ್ತನು, ಆದರೆ ನಂಬಿದವನು ಮಾತ್ರ ಕ್ಷಮೆಯನ್ನು ಅನುಭವಿಸುವನು ಎಂಬುದು ಅದರ ಎರಡನೆಯ ಅಂಶ. ಕ್ಯಾಲ್ವಿನನ ಮಾರ್ಗದವರು ಇದನ್ನು ಒಪ್ಪಲಿಲ್ಲ. 1618ರ ನವೆಂಬರಿನಿಂದ 1619ರ ಮೇ ತಿಂಗಳವರೆಗೆ ಡಾರ್ಟ್ ಪಟ್ಟಣದಲ್ಲಿ ಧರ್ಮಸಭೆ ಸೇರಿತು. ಇಂಗ್ಲೆಂಡ್, ಜಿನೀವಾ, ಜರ್ಮನ್ ಸೀಮೆಗಳಿಂದಲೂ ಪ್ರತಿನಿಧಿಗಳು ಬಂದರು. ತೀರ್ಪು ಎಚ್ಚರದಿಂದ ಬರೆದದ್ದು. ಬಲಿಯ ಬೆಲೆ ಅನಂತ, ಇಡೀ ಲೋಕದ ಪಾಪಕ್ಕೆ ಸಾಲುತ್ತದೆ; ಸುವಾರ್ತೆಯನ್ನು ಭೇದವಿಲ್ಲದೆ ಎಲ್ಲ ಜನಾಂಗಗಳಿಗೂ ಸಾರಬೇಕು; ಆದರೆ ಅದು ಫಲಿಸಬೇಕೆಂದು ದೇವರು ಸಂಕಲ್ಪಿಸಿದ್ದು ಆಯ್ದವರಲ್ಲಿ ಮಾತ್ರ.

ಬರಹದಲ್ಲಿದ್ದ ಎಚ್ಚರ ಬೀದಿಯಲ್ಲಿ ಇರಲಿಲ್ಲ. ರಾಜಕುಮಾರ ಮಾರಿಸನಿಗೂ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟನಿಗೂ ಇದ್ದ ರಾಜಕೀಯ ವೈರ ಈ ಮತಭೇದದೊಡನೆ ಹೆಣೆದುಕೊಂಡಿತ್ತು. ಮನವಿದಾರರಿಗೆ ಆಸರೆಯಾಗಿದ್ದ ಆ ಮುದುಕ, ಗಣರಾಜ್ಯವನ್ನು ಕಟ್ಟಿದವರಲ್ಲೊಬ್ಬ, ರಾಜದ್ರೋಹದ ಆರೋಪ ಹೊತ್ತು 1619ರ ಮೇ 13ರಂದು ಹೇಗ್ ನಗರದಲ್ಲಿ ತಲೆಕೊಟ್ಟನು. ಆಗ ಅವನ ವಯಸ್ಸು 71. ಅಂತರರಾಷ್ಟ್ರೀಯ ನ್ಯಾಯಶಾಸ್ತ್ರದ ಮೂಲಪುರುಷರಲ್ಲಿ ಒಬ್ಬನೆಂದು ಹೆಸರಾದ ಗ್ರೋಷಿಯಸನಿಗೆ ಆಜೀವ ಸೆರೆಯಾಯಿತು. ಹೆಂಡತಿಯ ಜಾಣತನದಿಂದ 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಪಾರಾದನು. ಇನ್ನೂರರಷ್ಟು ಬೋಧಕರು ಕೆಲಸ ಕಳೆದುಕೊಂಡರು. ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ‘ಕೆಲವರಿಗಾಗಿ’ ಎಂದವನಿಗೆ ಆದದ್ದು ಈಗ ‘ಎಲ್ಲರಿಗಾಗಿ’ ಎಂದವರಿಗೆ ಆಯಿತು. ಎರಡು ಪಕ್ಷಗಳಲ್ಲಿ ಯಾರ ಕೈಗೆ ಅಧಿಕಾರ ಬಂದಿತೋ ಅವರು ಇನ್ನೊಬ್ಬರನ್ನು ಹೊರಗೆ ಹಾಕಿದರು.

ಇಷ್ಟರಿಂದಲೇ ‘ಕೆಲವರಿಗಾಗಿ’ ಎಂಬ ಪಕ್ಷ ಕ್ರೂರಿಗಳ ಪಕ್ಷವೆಂದು ತೀರ್ಮಾನಿಸಿದರೆ ಅದಕ್ಕೆ ಅನ್ಯಾಯವಾದೀತು. ಅದರ ಒಳಗೆ ಒಂದು ಗಟ್ಟಿಯಾದ ತರ್ಕವೂ, ತರ್ಕಕ್ಕಿಂತ ಆಳವಾದ ಭಾವವೂ ಇದೆ. ತರ್ಕವನ್ನು ಬಿಗಿಯಾಗಿ ಹೆಣೆದವನು 17ನೆಯ ಶತಮಾನದ ಇಂಗ್ಲಿಷ್ ಪಂಡಿತ ಜಾನ್ ಓವನ್. ಅವನ ವಾದ ಸ್ಥೂಲವಾಗಿ ಹೀಗೆ: ಕ್ರಿಸ್ತನು ಹೊತ್ತದ್ದು ಎಲ್ಲರ ಎಲ್ಲ ಪಾಪಗಳನ್ನೇ, ಕೆಲವರ ಎಲ್ಲ ಪಾಪಗಳನ್ನೇ, ಅಥವಾ ಎಲ್ಲರ ಕೆಲವು ಪಾಪಗಳನ್ನೇ? ಮೂರನೆಯದಾದರೆ ಉಳಿದ ಪಾಪಕ್ಕೆ ಎಲ್ಲರೂ ದಂಡ ತೆರಲೇಬೇಕು, ಯಾರಿಗೂ ಮುಕ್ತಿಯಿಲ್ಲ. ಮೊದಲನೆಯದಾದರೆ ಎಲ್ಲರೂ ಮುಕ್ತರಾಗಬೇಕಲ್ಲ? ಅವರು ನಂಬಲಿಲ್ಲ, ಆದ್ದರಿಂದ ಆಗಲಿಲ್ಲ ಎನ್ನುವಿರಾ? ನಂಬದಿರುವುದು ಪಾಪವೋ ಅಲ್ಲವೋ? ಪಾಪವಾದರೆ ಅದನ್ನೂ ಅವನು ಹೊತ್ತಾಯಿತು. ಅಲ್ಲವಾದರೆ ಅದಕ್ಕಾಗಿ ದಂಡವೇಕೆ? ಒಂದೇ ಸಾಲಪತ್ರವನ್ನು ಹಿಡಿದು ಜಾಮೀನುದಾರನಿಂದ ಒಮ್ಮೆ, ಸಾಲಗಾರನಿಂದ ಇನ್ನೊಮ್ಮೆ ವಸೂಲು ಮಾಡುವುದು ನ್ಯಾಯವಾಗದು. ಉಳಿದದ್ದು ಎರಡನೆಯ ದಾರಿ: ಕೆಲವರ ಎಲ್ಲ ಪಾಪಗಳು.

ಭಾವ ಇದಕ್ಕಿಂತ ಹೆಚ್ಚಿನದು. ಪ್ರೀತಿಗೆ ಹೆಸರು ಬೇಕು. ಲೋಕವನ್ನೆಲ್ಲ ಪ್ರೀತಿಸುತ್ತೇನೆ ಎನ್ನುವವನು ನೆರೆಮನೆಯವನ ಕಾಯಿಲೆಗೆ ಎದ್ದು ಹೋಗದಿರಬಹುದು. ತಾಯಿ ಮಕ್ಕಳನ್ನು ಸಾಮಾನ್ಯವಾಗಿ ಪ್ರೀತಿಸುವುದಿಲ್ಲ. ಈ ಮಗುವನ್ನು, ಅದರ ಹಟವನ್ನೂ ಜ್ವರವನ್ನೂ ಬಲ್ಲವಳಾಗಿ, ಪ್ರೀತಿಸುತ್ತಾಳೆ. ಶಿಲುಬೆಯ ಮೇಲಿದ್ದವನು ಯಾರಾದರೂ ಬಂದರೆ ಬರಲಿ ಎಂದು ಬಾಗಿಲು ತೆರೆದಿಟ್ಟು ಹೋಗಲಿಲ್ಲ, ನನ್ನ ಹೆಸರು ಹಿಡಿದು ನನ್ನನ್ನು ಬಿಡಿಸಿದನು ಎಂಬ ಭರವಸೆಯಲ್ಲಿ ಎಂಥ ಬಲವಿದೆಯೆಂಬುದನ್ನು ಆ ಮಾರ್ಗದ ಭಕ್ತರ ಜೀವನಚರಿತ್ರೆಗಳನ್ನು ಓದಿದವರು ಬಲ್ಲರು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ತನ್ನನ್ನು ಪ್ರೀತಿಸಿ ತನಗಾಗಿ ಒಪ್ಪಿಸಿಕೊಂಡವನು ಎಂದು ಏಕವಚನದಲ್ಲೇ ಹೇಳಿಕೊಳ್ಳುತ್ತಾನೆ.

ಕೂಲಂಕಷವಾಗಿ ನೋಡಿದರೆ ಇಲ್ಲಿ ಗೆರೆ ಎಳೆಯದವರು ಯಾರೂ ಇಲ್ಲ. ‘ಕೆಲವರಿಗಾಗಿ’ ಎಂಬವರು ಸಂಖ್ಯೆಗೆ ಗೆರೆ ಎಳೆದು ಶಕ್ತಿಯನ್ನು ಪೂರ್ಣವಾಗಿ ಉಳಿಸಿಕೊಳ್ಳುತ್ತಾರೆ: ಯಾರಿಗಾಗಿ ಸತ್ತನೋ ಅವರು ಉಳಿದೇ ಉಳಿಯುತ್ತಾರೆ. ‘ಎಲ್ಲರಿಗಾಗಿ’ ಎಂಬವರು ಸಂಖ್ಯೆಯನ್ನು ಪೂರ್ಣವಾಗಿ ಉಳಿಸಿಕೊಂಡು ಶಕ್ತಿಗೆ ಗೆರೆ ಎಳೆಯುತ್ತಾರೆ: ಸತ್ತದ್ದು ಎಲ್ಲರಿಗಾಗಿ, ಆದರೆ ಮನುಷ್ಯನು ಒಲ್ಲೆನೆಂದರೆ ಅದು ವ್ಯರ್ಥ. ಎರಡನ್ನೂ ಉಳಿಸಿಕೊಳ್ಳುವ ಮೂರನೆಯ ಪಕ್ಷ ಒಂದುಂಟು; ಕೊನೆಗೆ ಎಲ್ಲರೂ ಉದ್ಧಾರವಾಗುತ್ತಾರೆಂಬ ಆಸೆ ಆದಿಕಾಲದ ಒರಿಜೆನನಿಂದ ಹಿಡಿದು ಇಂದಿನವರೆಗೂ ಆಗಾಗ ತಲೆಯೆತ್ತಿದೆ. ಅಲ್ಲಿ ಮನುಷ್ಯನ ‘ಒಲ್ಲೆ’ ಎಂಬ ಮಾತಿಗೆ ಗೆರೆ ಬೀಳುತ್ತದೆ. ಅವನು ಎಷ್ಟು ಸಲ ಒಲ್ಲೆನೆಂದರೂ ಅದು ಕೊನೆಯ ಮಾತಲ್ಲ. ಸಂಖ್ಯೆ, ಶಕ್ತಿ, ಸ್ವಾತಂತ್ರ್ಯ—ಈ ಮೂರನ್ನೂ ಒಟ್ಟಿಗೆ ಉಳಿಸಿಕೊಂಡ ತತ್ತ್ವವನ್ನು ನಾನು ಕಂಡಿಲ್ಲ.

ಹಾಗಾದರೆ ನಿರ್ಣಯಕ್ಕೆ ದಾರಿ ಯಾವುದು? ನನಗೆ ಕಾಣುವ ದಾರಿ ವ್ಯಾಕರಣದ ಪುರುಷತ್ರಯದ್ದು: ನಾನು, ನೀನು, ಅವನು. ಒಂದೇ ವಾಕ್ಯವನ್ನು ಮೂರು ಪುರುಷಗಳಲ್ಲಿ ಹೇಳಿ ನೋಡಿದರೆ ಅದರ ಬಣ್ಣ ಬಯಲಾಗುತ್ತದೆ. ‘ನನಗಾಗಿ ಸತ್ತನು’ ಎಂಬುದು ಕೃತಜ್ಞತೆ. ಇದನ್ನು ಆಡುವವನು ತನ್ನ ಯೋಗ್ಯತೆಯನ್ನು ಹೇಳಿಕೊಳ್ಳುತ್ತಿಲ್ಲ. ಯೋಗ್ಯತೆಯಿಲ್ಲದೆ ದೊರೆತದ್ದನ್ನು ಹೇಳುತ್ತಿದ್ದಾನೆ. ‘ಅವನಿಗಾಗಿ ಅಲ್ಲ’ ಎಂಬುದು ತೀರ್ಪು. ಕಟ್ಟಾ ಕ್ಯಾಲ್ವಿನ್‌ಮಾರ್ಗಿಗಳು ಕೂಡ ಇಂಥವನು ಆಯ್ದವನಲ್ಲವೆಂದು ಯಾವ ಜೀವಂತ ಮನುಷ್ಯನ ಕಡೆಗೂ ಬೆರಳು ತೋರಿಸುವ ಅಧಿಕಾರ ತಮಗಿಲ್ಲವೆಂದೇ ಹೇಳುತ್ತ ಬಂದಿದ್ದಾರೆ. ಆದ್ದರಿಂದ ನಿಜವಾದ ಪರೀಕ್ಷೆ ನಡುವಿನ ಪುರುಷದಲ್ಲಿದೆ. ಎದುರಿಗೆ ಕುಳಿತ ಮನುಷ್ಯನ ಮುಖ ನೋಡಿ ‘ನಿನಗಾಗಿ’ ಎಂದು ಹೇಳಬಹುದೇ, ಕೂಡದೇ?

ಈ ಪರೀಕ್ಷೆ ನಡೆದದ್ದು ಸ್ಕಾಟ್ಲೆಂಡಿನ ಒಂದು ಸಣ್ಣ ಊರಿನಲ್ಲಿ. 1825ರಲ್ಲಿ ಜಾನ್ ಮ್ಯಾಕ್ಲಿಯಡ್ ಕ್ಯಾಂಬೆಲ್ ಎಂಬ 25 ವರ್ಷದ ತರುಣನು ಕ್ಲೈಡ್ ನದಿಯ ಕಡಲಂಚಿನ ರೋ ಎಂಬ ಊರಿಗೆ ಸಭಾಪಾಲಕನಾಗಿ ಬಂದನು. ಜನ ಸಾಧುಗಳು, ಕ್ರಮವಾಗಿ ದೇವಾಲಯಕ್ಕೆ ಬರುವವರು. ಆದರೆ ಅವರ ಭಕ್ತಿಯಲ್ಲಿ ಸಂತೋಷವಿರಲಿಲ್ಲ. ಕ್ರಿಸ್ತನು ಕೆಲವರಿಗಾಗಿ ಮಾತ್ರ ಸತ್ತನೆಂದ ಮೇಲೆ ತಾವು ಆ ಕೆಲವರಲ್ಲಿ ಇದ್ದೇವೋ ಇಲ್ಲವೋ ಎಂದು ಒಳಗೇ ಅಗೆದು ಅಗೆದು ಗುರುತು ಹುಡುಕುತ್ತಿದ್ದರು. ದೇವರನ್ನು ನೋಡಬೇಕಾದ ಕಣ್ಣು ತನ್ನನ್ನೇ ನೋಡಿಕೊಳ್ಳುತ್ತಿತ್ತು. ಇವರಿಗೆ ನಿಮಗಾಗಿಯೇ ಸತ್ತನು ಎಂದು ಧೈರ್ಯವಾಗಿ ಹೇಳಬೇಕಾದರೆ ಎಲ್ಲರಿಗಾಗಿ ಸತ್ತನೆಂಬುದು ನಿಜವಾಗಿರಲೇಬೇಕು ಎಂಬ ನಿಶ್ಚಯಕ್ಕೆ ಕ್ಯಾಂಬೆಲ್ ಬಂದನು, ಹಾಗೆಯೇ ಬೋಧಿಸಿದನು. 1831ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡ್ ಸಭೆಯ ಮಹಾಧಿವೇಶನ ಅವನನ್ನು ಪದಚ್ಯುತಗೊಳಿಸಿತು. ತಾನೂ ಸಭಾಪಾಲಕನಾಗಿದ್ದ ಮುದಿ ತಂದೆ ಆ ಅಧಿವೇಶನದಲ್ಲಿ ಎದ್ದು ನಿಂತು, ತೀರ್ಪಿಗೆ ತಲೆಬಾಗುತ್ತೇನೆ, ಆದರೆ ಇಂಥ ನಿರ್ಮಲ ನಡತೆಯ ಮಗನ ತಂದೆಯೆನಿಸಿಕೊಳ್ಳಲು ಎಂದೂ ನಾಚೆನು ಎಂಬರ್ಥದ ಮಾತಾಡಿದನು.

ಕ್ಯಾಂಬೆಲ್ ಕಹಿಯಾಗಲಿಲ್ಲ. ಗ್ಲಾಸ್ಗೋದಲ್ಲಿ ಒಂದು ಸಭೆಯನ್ನು ನೋಡಿಕೊಂಡು, ಕಾಲು ಶತಮಾನ ಯೋಚಿಸಿ, 1856ರಲ್ಲಿ ಈ ಪ್ರಾಯಶ್ಚಿತ್ತದ ಸ್ವರೂಪವನ್ನು ಕುರಿತು ಒಂದು ಪುಸ್ತಕ ಬರೆದನು. ಓವನ್ನನ ಲೆಕ್ಕಕ್ಕೆ ಅದರಲ್ಲಿ ಉತ್ತರವಿದೆ. ಆ ಉತ್ತರ ಲೆಕ್ಕದ ಮಟ್ಟದ್ದಲ್ಲ. ದೇವರಿಗೂ ಮನುಷ್ಯನಿಗೂ ಇರುವ ಸಂಬಂಧ ಮೂಲತಃ ಸಾಹುಕಾರ ಸಾಲಗಾರರದಲ್ಲ, ತಂದೆ ಮಕ್ಕಳದು ಎಂಬುದು ಅವನ ನಿಲುವು. ಸಾಲಪತ್ರ ಹರಿದ ಮೇಲೆ ಸಾಲಗಾರನ ಒಪ್ಪಿಗೆ ಬೇಕಿಲ್ಲ, ನಿಜ. ಆದರೆ ಮುನಿದು ಮನೆಬಿಟ್ಟ ಮಗನನ್ನು ತಂದೆ ಪೂರ್ಣವಾಗಿ ಕ್ಷಮಿಸಿದ ಮೇಲೂ ಮಗ ಹಿತ್ತಲಿನಲ್ಲೇ ನಿಂತಿರಬಹುದು. ಆಗ ತಂದೆಯ ಕ್ಷಮೆ ಸುಳ್ಳಾಯಿತೇ? ಅದು ಮಗನಿಗಾಗಿ ಇರಲಿಲ್ಲವೇ? ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ ನಷ್ಟ ಅದು. ಅದನ್ನು ತಂದೆ ಹೊರುತ್ತಾನೆ. ನಾನು ಮೊದಲು ಹೇಳಿದ ಮೂರು ಚಿತ್ರಗಳನ್ನು ಓದುಗರು ಇಲ್ಲಿ ನೆನೆಯಬೇಕು. ಸಾಲದ ಚಿತ್ರವನ್ನು ಮುಂದಿಟ್ಟುಕೊಂಡರೆ ಓವನ್ ಗೆಲ್ಲುತ್ತಾನೆ. ಮುನಿಸಿನ ಚಿತ್ರವನ್ನು ಮುಂದಿಟ್ಟುಕೊಂಡರೆ ಕ್ಯಾಂಬೆಲ್. 1868ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ, ಅದೇ ನಾಡಿನ ಸಭೆ ಹೊರಹಾಕಿದ್ದ ಈ ಮನುಷ್ಯನಿಗೆ ದೇವಶಾಸ್ತ್ರದ ಗೌರವ ಪದವಿ ಕೊಟ್ಟಿತು.

ರೋ ಊರಿನವರ ಅಳುಕು ಕಲ್ಪನೆಯದಲ್ಲವೆಂಬುದಕ್ಕೆ ಇಂಗ್ಲಿಷ್ ಸಾಹಿತ್ಯ ಓದಿದ ನಮಗೆಲ್ಲ ಪರಿಚಿತನಾದ ಒಬ್ಬ ಕವಿಯಿದ್ದಾನೆ. ವಿಲಿಯಂ ಕೌಪರನು (1731–1800) ಮೃದುಸ್ವಭಾವದವನು. ಮೊಲಗಳನ್ನು ಸಾಕಿ ಅವುಗಳ ಗುಣವಿಶೇಷಗಳನ್ನು ಬರೆದವನು. ಅವನೂ ಅವನ ಗೆಳೆಯ ಜಾನ್ ನ್ಯೂಟನ್ನನೂ ಬರೆದ ಭಕ್ತಿಗೀತಗಳ ಸಂಕಲನ 1779ರಲ್ಲಿ ಹೊರಬಂದಿತು. ಸಾವಿರಾರು ಜನರಿಗೆ ಭರವಸೆ ಕೊಟ್ಟ ಆ ಗೀತಗಳನ್ನು ಬರೆದವನಿಗೆ, 1773ರಲ್ಲಿ ಬಿದ್ದ ಒಂದು ಭೀಕರ ಕನಸಿನ ಮೇಲೆ, ತಾನೊಬ್ಬನು ಹೊರಗಿನವನು, ತನಗೆ ಕೃಪೆಯ ಬಾಗಿಲು ಮುಚ್ಚಿತು ಎಂಬ ನಂಬಿಕೆ ಬೇರೂರಿತು. ಕೊನೆಯವರೆಗೂ ಪೂರ್ಣವಾಗಿ ಬಿಡಲಿಲ್ಲ. ಅವನ ಮನೋರೋಗಕ್ಕೆ ಈ ಸಿದ್ಧಾಂತವೇ ಕಾರಣವೆಂದರೆ ತಪ್ಪು. ರೋಗ ಅದಕ್ಕೂ ಮೊದಲೇ ಇತ್ತು. ಆದರೆ ರೋಗಕ್ಕೆ ಆಡಲು ಒಂದು ಭಾಷೆ ಬೇಕಾಗುತ್ತದೆ. ಹೊರಗಿನವರು ಇದ್ದಾರೆ ಎಂಬ ಬೋಧೆ ಅದಕ್ಕೆ ಭಾಷೆ ಕೊಟ್ಟಿತು. ‘ಅವನಿಗಾಗಿ ಅಲ್ಲ’ ಎಂಬ ಪ್ರಥಮ ಪುರುಷದ ವಾಕ್ಯ ಒಮ್ಮೆ ಲೋಕದಲ್ಲಿ ಹುಟ್ಟಿತೆಂದರೆ, ‘ನನಗಾಗಿ ಅಲ್ಲ’ ಎಂದು ಯಾವುದೋ ಎಳೆಯ ಮನಸ್ಸು ಅದನ್ನು ತನಗೆ ತಗುಲಿಸಿಕೊಳ್ಳದಿರದು. ಗಟ್ಟಿ ಚರ್ಮದವರಿಗೆ ಅದು ತಾಗುವುದಿಲ್ಲ, ತಾಗುವುದು ಕೌಪರನಂಥವರಿಗೇ.

ಈಗ ಕೇರಿಯ ಒಗಟಿಗೆ ಬರಬಹುದು. ಅವನ ಪಂಥದ ಹಲವು ಸಭೆಗಳಲ್ಲಿ, ಆಯ್ದವರನ್ನು ದೇವರೇ ಕರೆದುಕೊಳ್ಳುವನು, ಕಂಡಕಂಡವರನ್ನು ಬಾ ಎಂದು ಕರೆಯುವುದು ನಮ್ಮ ಕೆಲಸವಲ್ಲ ಎಂಬ ಜಡತೆ ಕವಿದಿತ್ತು. ಅದನ್ನು ಒಡೆದವನು ಕೆಟ್ಟರಿಂಗ್ ಊರಿನ ಸಭಾಪಾಲಕ ಆಂಡ್ರ್ಯೂ ಫುಲ್ಲರ್. ದೇವರ ಗುಟ್ಟಾದ ಪಟ್ಟಿ ಬೋಧಕನಿಗೆ ಸಂಬಂಧಪಟ್ಟದ್ದಲ್ಲ. ಬಲಿ ಎಲ್ಲರಿಗೂ ಸಾಲುವಂಥದು. ಕೇಳಿದ ಪ್ರತಿಯೊಬ್ಬನಿಗೂ ನಂಬುವ ಹಕ್ಕೂ ಕರ್ತವ್ಯವೂ ಉಂಟು ಎಂದು ಅವನು 1785ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದನು. ಅದರ ಬೆನ್ನಲ್ಲೇ 1792ರಲ್ಲಿ ಕೇರಿಯ ಪುಸ್ತಿಕೆ, ಮಿಷನರಿ ಸಂಘದ ಸ್ಥಾಪನೆ. 1793ರಲ್ಲಿ ಕೇರಿ ಕಲ್ಕತ್ತೆಯಲ್ಲಿ. ಎಂದರೆ, ಹೆಸರಿನಲ್ಲಿ ‘ನಿರ್ದಿಷ್ಟ’ವೆಂಬುದನ್ನು ಇಟ್ಟುಕೊಂಡೇ ಅವರು ‘ನೀನು’ ಎಂಬ ಸಂಬೋಧನೆಯನ್ನು ಗೆದ್ದುಕೊಂಡರು. ಸಿದ್ಧಾಂತ ಕಿರಿದಾಗಿತ್ತು, ನಡತೆ ಅದನ್ನು ಮೀರಿತು. ಗೊಟ್ಟ್‌ಶಾಲ್ಕನಿಗೆ ಹೊಡೆಸಿದವರನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಕೇರಿಯ ಮತಪ್ರಚಾರದ ಉದ್ದೇಶವನ್ನು ಒಪ್ಪದವರೂ ಇದನ್ನು ಒಪ್ಪಬಹುದು: ಒಬ್ಬನೊಡನೆ ‘ನಿನಗಾಗಿ’ ಎಂದು ಹೇಳಬೇಕಾದರೆ ಮೊದಲು ಅವನ ಭಾಷೆ ಕಲಿಯಬೇಕು. ಆ ವ್ಯಾಕರಣ ಹುಟ್ಟಿದ್ದು ಹೀಗೆ.

ಇಂಥ ಪ್ರಶ್ನೆ ನಮ್ಮ ದರ್ಶನಗಳಿಗೂ ಅಪರಿಚಿತವಲ್ಲ. ಮಧ್ವಸಿದ್ಧಾಂತ ಜೀವರಲ್ಲಿ ಮುಕ್ತಿಯೋಗ್ಯ, ನಿತ್ಯಸಂಸಾರಿ, ತಮೋಯೋಗ್ಯರೆಂಬ ಸ್ವಭಾವಭೇದವನ್ನು ಹೇಳುತ್ತದೆ. ರಾಮಾನುಜರು ತಿರುಕ್ಕೋಷ್ಟಿಯೂರಿನ ಗೋಪುರವೇರಿ, ತಮಗೆ ನರಕ ಬಂದರೂ ಬರಲಿ ಎಂದು ಗುಟ್ಟಿನ ಮಂತ್ರವನ್ನು ಎಲ್ಲರಿಗೂ ಕೂಗಿ ಹೇಳಿದರೆಂದು ಪರಂಪರೆಯ ಕಥೆ. ಇವನ್ನು ಅವುಗಳೊಡನೆ ಸಮ ಹಚ್ಚುವುದು ಸರಿಯಲ್ಲ; ಒಂದೊಂದರ ಅಡಿಪಾಯವೂ ಬೇರೆ. ಪ್ರಶ್ನೆಯ ನೋವು ಎಲ್ಲಿಯೂ ಒಂದೇ ಎಂದಷ್ಟೇ ನನ್ನ ತಾತ್ಪರ್ಯ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ಸತ್ಯವನ್ನು ನಮ್ಮ ಮನಸ್ಸಿಗೆ ಹಿತವಾಗುವುದರಿಂದ ನಿರ್ಣಯಿಸಬಹುದೇ? ರೋ ಊರಿನವರಿಗೆ ಸಮಾಧಾನವಾಗಲಿ ಎಂದು ದೇವರ ಸಂಕಲ್ಪ ಅಗಲವಾದೀತೇ? ಆಗಲಾರದು. ಆದರೆ ಇಲ್ಲಿ ತೂಗುತ್ತಿರುವುದು ಹಿತವನ್ನಲ್ಲ, ಪ್ರಾಮಾಣಿಕತೆಯನ್ನು. ಒಂದು ವಾರ್ತೆಯನ್ನು ಭೇದವಿಲ್ಲದೆ ಎಲ್ಲರಿಗೂ ಸಾರಿ ಎಂದು ಡಾರ್ಟಿನ ಸಭೆಯೇ ವಿಧಿಸಿತು. ಸಾರುವವನು ಎದುರಿಗಿದ್ದವನನ್ನು ಬಾ ಎಂದು ಕರೆದು, ಇದು ನಿನಗಾಗಿ ಇದೆಯೋ ಇಲ್ಲವೋ ನಾನರಿಯೆ ಎಂದು ಒಳಗೇ ಇಟ್ಟುಕೊಂಡರೆ ಆ ಕರೆಯಲ್ಲಿ ಒಂದು ಬಿರುಕಿದೆ. ಊಟಕ್ಕೆ ಕರೆದವನು ಎಲೆ ಹಾಕಿದೆಯೋ ಇಲ್ಲವೋ ತಿಳಿಯದು ಎನ್ನುವಂತಿಲ್ಲ. ಉಣ್ಣದೆ ಎದ್ದು ಹೋಗುವುದು ಬಂದವನ ಇಷ್ಟ. ಎಲೆ ಇರಲೇಬೇಕಾದುದು ಕರೆದವನ ಮರ್ಯಾದೆ. ‘ಎಲ್ಲರು’ ಎಂಬ ಮಾತು ಬೇಕಾಗಿರುವುದು ಜನಗಣತಿಗಲ್ಲ, ‘ನೀನು’ ಎಂಬುದನ್ನು ಸುಳ್ಳಿಲ್ಲದೆ ಹೇಳುವುದಕ್ಕೆ. ಈ ಕಾರಣದಿಂದ ನನ್ನ ಒಲವು ಕ್ಯಾಂಬೆಲ್ಲನ ಕಡೆಗೆ.

ಒಲವು ಹೀಗಿದ್ದರೂ ಎದುರು ಪಕ್ಷದವರನ್ನು ನೆನೆಯುವಾಗ ಒಂದು ಸ್ನೇಹದ ಚರಿತ್ರೆ ನನ್ನನ್ನು ತಡೆದು ನಿಲ್ಲಿಸುತ್ತದೆ. 1739ರಲ್ಲಿ ಜಾನ್ ವೆಸ್ಲಿ ಬ್ರಿಸ್ಟಲಿನಲ್ಲಿ ಎಲ್ಲರಿಗೂ ಬಿಟ್ಟಿಯಾದ ಕೃಪೆಯನ್ನು ಕುರಿತು ಪ್ರವಚನ ಮಾಡಿದನು. ಆಯ್ಕೆಯ ಸಿದ್ಧಾಂತವನ್ನು ಕಟುವಾಗಿ ಖಂಡಿಸಿದನು. ಆಪ್ತಮಿತ್ರ ಜಾರ್ಜ್ ವಿಟ್‌ಫೀಲ್ಡನು 1740ರ ಡಿಸೆಂಬರಿನಲ್ಲಿ ಅಷ್ಟೇ ಕಟುವಾದ ಉತ್ತರ ಬರೆದನು. ಮಾರ್ಗಗಳು ಎರಡಾದವು, ಗೆಳೆತನ ಮುರಿದು ಮತ್ತೆ ಕೂಡಿತು. 1770ರಲ್ಲಿ ವಿಟ್‌ಫೀಲ್ಡ್ ಅಮೆರಿಕದಲ್ಲಿ ತೀರಿಕೊಂಡಾಗ, ಅವನದೇ ಇಚ್ಛೆಯಂತೆ, ಲಂಡನ್ನಿನಲ್ಲಿ ಸ್ಮರಣೆಯ ಪ್ರವಚನ ಮಾಡಿದವನು ವೆಸ್ಲಿ. ಈ ಎರಡು ಧಾರೆಗಳೂ ಮುಂದೆ ನಮ್ಮ ನಾಡಿಗೆ ಹರಿದುಬಂದವು: 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನವರು ಹೆಚ್ಚಾಗಿ ಕ್ಯಾಲ್ವಿನನ ಪರಂಪರೆಯವರು, ಮೈಸೂರು ಸೀಮೆಯಲ್ಲಿ ಶಾಲೆ, ಮುದ್ರಣಾಲಯ ನಡೆಸಿದ ವೆಸ್ಲಿಯನ್ನರು ವೆಸ್ಲಿಯ ಪರಂಪರೆಯವರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಸಭೆ ಸ್ಥಾಪನೆಯಾದಾಗ ಎರಡೂ ಆಂಗ್ಲಿಕನರೊಡನೆ ಒಂದೇ ಸಭೆಯಾದವು. ಯಾರಿಗಾಗಿ ಎಂಬ ಪ್ರಶ್ನೆಗೆ ಅಲ್ಲಿ ಯಾರೂ ಹೊಸ ಉತ್ತರ ಕಂಡುಹಿಡಿಯಲಿಲ್ಲ. ಒಂದೇ ಪಾತ್ರೆಯಿಂದ ಕುಡಿಯಲು ಉತ್ತರಕ್ಕಾಗಿ ಕಾಯಬೇಕಾಗಿಲ್ಲವೆಂದು ಒಪ್ಪಿದರು, ಅಷ್ಟೆ.

ಅಷ್ಟು ಸಣ್ಣ ಮಾತಲ್ಲ ಅದು. ತನ್ನ ಬಗೆಗೆ ‘ನನಗಾಗಿ’ ಎನ್ನುವ ಧೈರ್ಯ, ಎದುರಿಗೆ ಬಂದವನಿಗೆ ‘ನಿನಗಾಗಿ’ ಎನ್ನುವ ಔದಾರ್ಯ, ಕಣ್ಣಿಗೆ ಕಾಣದವನ ವಿಷಯದಲ್ಲಿ ‘ಅಲ್ಲ’ ಎನ್ನದ ಸಂಯಮ—ಇಷ್ಟು ಇದ್ದವನು ಯಾವ ಪಕ್ಷದವನಾದರೂ ಅವನ ನೆರೆಯಲ್ಲಿ ಜನ ಭಯವಿಲ್ಲದೆ ಬಾಳಬಹುದು. ಕೆರೆ ಕಟ್ಟಿಸಿದವನ ಮನಸ್ಸಿನಲ್ಲಿ ಯಾರ ಯಾರ ಹೆಸರಿತ್ತೋ ಅವನೇ ಬಲ್ಲ. ದಂಡೆಯ ಮೇಲೆ ಕಾವಲು ನಿಂತು, ಬಾಯಾರಿ ಬಂದವರನ್ನು ತಡೆಯುವ ಕೆಲಸವನ್ನು ಅವನು ನಮಗೆ ಯಾರಿಗೂ ಒಪ್ಪಿಸಿದಂತೆ ಕಾಣುವುದಿಲ್ಲ.